ಎರಡು ದಿನ, ಹನ್ನೆರಡು ಜಾಗ

ಮಾರ್ಚ್ 13, ಶುಕ್ರವಾರ

ಬೆಳಗ್ಗೆ ಒಂಬತ್ತಕ್ಕೆ ಬಸ್ಸಿಳಿದೆ. ನಿಲ್ದಾಣದಿಂದಲೇ ಕಾವಲು ಗೋಪುರ ಕಾಣುತ್ತದೆ ಅಂತ ಆನ್‌ಲೈನ್ ಗುಂಪಿನಲ್ಲಿ ಎಷ್ಟು ಸಲ ಬರೆದಿದ್ದೇನೋ. ಕಾಣುವುದಿಲ್ಲ. ಅಡ್ಡಕ್ಕೆ ಬಟ್ಟೆ ಅಂಗಡಿಯ ಕಟ್ಟಡ ಎದ್ದಿದೆ, ಅದರ ನೆತ್ತಿಯ ಮೇಲೊಂದು ಕರಿ ನೀರಿನ ಟ್ಯಾಂಕು.

ಮೂರು ವರ್ಷದಿಂದ ಈ ಹಳೇ ಊರಿನ ಬಗ್ಗೆ ಗುಂಪಿನಲ್ಲಿ ದಿನಾ ಬರೆಯುವವಳು ನಾನು. ಅಲ್ಲಿ ನನ್ನ ಹೆಸರು ಕೋಟೆಹುಚ್ಚಿ. ನಾಲ್ಕು ಸಾವಿರ ಜನರಿರುವ ಗುಂಪಿನ ತಲೆಯಲ್ಲಿ ಅಂಟಿಸಿಟ್ಟಿರುವ ಪಟ್ಟಿ, ‘ಎರಡು ದಿನ, ಹನ್ನೆರಡು ಜಾಗ’, ನಾನೇ ಬರೆದದ್ದು. ಶನಿವಾರ ಭಾನುವಾರ ಸುತ್ತಲು ಬರುವವರು ಯಾವ ಹೊತ್ತಿಗೆ ಎಲ್ಲಿರಬೇಕು, ಎಲ್ಲಿ ನಿಂತು ಏನು ನೋಡಬೇಕು, ಎಲ್ಲ ಅದರಲ್ಲಿದೆ. ಬರೆದವಳು ಒಂದು ಸಲವೂ ಈ ಊರಿಗೆ ಬಂದವಳಲ್ಲ ಅನ್ನುವುದೊಂದೇ ಅದರಲ್ಲಿಲ್ಲ. ಬೇರೆಯವರ ಫೋಟೋ, ನಕ್ಷೆ, ಹಳೇ ಮೆಸೇಜುಗಳನ್ನು ಗುಡ್ಡೆ ಹಾಕಿಕೊಂಡು ಬರೆದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಣ್ಣನಿಗೆ ಇಲ್ಲಿ ಕೆಲಸ. ಹಳೇ ಕಟ್ಟಡಗಳ ರಿಪೇರಿಯಲ್ಲಿ ಕಲ್ಲು ಕೆತ್ತುತ್ತಾನೆ. ‘ಬರಲಾ’ ಅಂದಾಗಲೆಲ್ಲ ‘ಈಗ ಬೇಡ ಕಣೇ, ಎಲ್ಲಾ ಕಡೆ ಸಾರವೆ ಕಟ್ಟಿದೆ, ಬಿಚ್ಚಲಿ, ಆಮೇಲೆ ಬಾ’ ಅನ್ನುತ್ತಿದ್ದ. ನಿನ್ನೆ ಮಧ್ಯಾಹ್ನ ಅದೇ ಸಾರವೆಯ ಅಟ್ಟಣೆ ಮೇಲೆ ಕಲ್ಲು ಕೂರಿಸುವಾಗ ಅವನ ಬಲಗೈ ಅಡಿಗೆ ಸಿಕ್ಕಿತು. ಆಮೇಲೆ ಅವನೂ ಕೆಳಗೆ ಬಿದ್ದ. ತಲೆಗೆ ಏಟಾಗಿದೆ.

ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋದರು. ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಎರಡು ವಾರ, ಮಂಚದಿಂದ ಬಚ್ಚಲಿಗೆ ಹೋಗಲಿಕ್ಕೇ ಚಿಕ್ಕಮ್ಮ ಹಿಡಿದುಕೊಳ್ಳಬೇಕು. ಹಾಗಾಗಿ ನಾನು ಬಂದೆ.

ಐಸಿಯುಗೆ ಬೆಳಗ್ಗೆ ಹನ್ನೊಂದರಿಂದ ಹನ್ನೆರಡು, ಸಂಜೆ ಐದರಿಂದ ಆರು ಮಾತ್ರ ಬಿಡುತ್ತಾರೆ. ಅಣ್ಣನ ಬಾಯಲ್ಲಿ ನಳಿಕೆ. ಮೆದುಳಿನ ಊತ ಇಳಿಯಲಿ ಅಂತ ಔಷಧಿ ಕೊಟ್ಟು ಮಲಗಿಸಿದ್ದಾರಂತೆ, ನಾಲ್ಕೈದು ದಿನ ಏಳುವುದಿಲ್ಲವಂತೆ.

ಡಾಕ್ಟರಮ್ಮ ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿದರು.

“ದೊಡ್ಡವರು ಯಾರೂ ಬಂದಿಲ್ವಾ?”

“ನಾನೇ.”

“ಎಷ್ಟು ವಯಸ್ಸು?”

“ಹತ್ತೊಂಬತ್ತು.”

“ಸರಿ, ಹಾಗಿದ್ರೆ ನಿಮಗೇ ಹೇಳ್ತೀನಿ. ತಲೆದು ಅಷ್ಟು ಭಯ ಇಲ್ಲ. ಕೈದೇ ಯೋಚನೆ. ರಕ್ತನಾಳ ಜೋಡಿಸಿದೀವಿ. ರಕ್ತ ಓಡಿದ್ರೆ ಕೈ ಉಳಿಯುತ್ತೆ, ಇಲ್ಲಾಂದ್ರೆ ತೆಗೀಬೇಕಾಗುತ್ತೆ. ಸೋಮವಾರದವರೆಗೂ ನೋಡೋಣ.”

ಸರಿ ಅಂದೆ. ಅಮ್ಮ ಫೋನಿನಲ್ಲಿ ಅತ್ತಳು. ನಾನು ಹುಂ ಹುಂ ಅಂದೆ. ಅಳಬೇಕಿತ್ತು ಅಂತ ಆಮೇಲೆ ಹೊಳೆಯಿತು.

ಈಗ ಅಣ್ಣನ ಬಾಡಿಗೆ ರೂಮಿನಲ್ಲಿದ್ದೇನೆ. ಮೂರನೇ ಮಹಡಿ. ಒಂದು ಚಾಪೆ, ಒಂದು ಕೆಟಲು, ಹಗ್ಗದ ಮೇಲೆ ಎರಡು ಅಂಗಿ. ಎಲ್ಲದರ ಮೇಲೂ ಕಲ್ಲಿನ ಪುಡಿ, ಚಾಪೆ ಕೊಡವಿದರೂ ಹೋಗಲಿಲ್ಲ.

ಮಾರ್ಚ್ 14, ಶನಿವಾರ

ಗುಂಪಿನಲ್ಲಿ ‘ಬಾವಿಕಪ್ಪೆ’ ಅಂತ ಒಬ್ಬರಿದ್ದಾರೆ. ಬ್ಯಾಂಕಿನಲ್ಲಿ ಕೆಲಸ, ನನ್ನ ಪಟ್ಟಿಯ ದೊಡ್ಡ ಭಕ್ತರು. ಬೆಳಗ್ಗೆ ಏಳಕ್ಕೇ ಅವರ ಮೆಸೇಜು.

“ಕೋಟೆಹುಚ್ಚಿಯವರೇ, ಬಂದೇ ಬಿಟ್ವಿ. ನಾನು, ನಮ್ಮ ಮನೆಯವರು. ನಿಮ್ಮ ಪಟ್ಟಿ ಪ್ರಿಂಟ್ ಹಾಕ್ಸಿದೀನಿ.”

ಶುಭವಾಗಲಿ ಅಂತ ಬರೆದೆ.

ಹನ್ನೊಂದರವರೆಗೆ ಏನು ಮಾಡುವುದು ಗೊತ್ತಾಗಲಿಲ್ಲ. ಗೊತ್ತಿದ್ದದ್ದು ಪಟ್ಟಿ ಒಂದೇ. ಒಂದನೇ ಜಾಗ, ಕಾವಲು ಗೋಪುರ, ಎಂಟಕ್ಕೆ ಮೊದಲು, ಬಿಸಿಲು ಪೂರ್ವದ ಕಿಂಡಿಯಿಂದ ಒಳಗೆ ಬೀಳುವಾಗ. ಹೋದೆ. ನೂರಾ ಎಂಟು ಮೆಟ್ಟಿಲು ಅಂತ ಬರೆದಿದ್ದೆ. ಎಣಿಸಿದೆ, ತೊಂಬತ್ತಾರು. ಕಿಂಡಿಗೆ ಪಾರಿವಾಳ ಬಾರದಂತೆ ಬಲೆ ಹೊಡೆದಿದ್ದಾರೆ. ಬಿಸಿಲು ಚೌಕ ಚೌಕವಾಗಿ ಬಿತ್ತು.

ಇಲ್ಲಿ ನಿಂತರೆ ಅಳುವೇ ಬಂದುಬಿಡುತ್ತದೇನೋ ಅಂತ ಮೂರು ವರ್ಷ ಅಂದುಕೊಂಡಿದ್ದೆ. ಫೋಟೋದಲ್ಲಿದ್ದ ಹಾಗೇ ಇದೆ.

ಎರಡನೇ ಜಾಗ ಹಳೇ ಮಾರುಕಟ್ಟೆಯ ಕಮಾನುಗಳು. ‘ಗೋಪುರದಿಂದ ಐದು ನಿಮಿಷದ ನಡಿಗೆ’. ಇಪ್ಪತ್ತಾರು ನಿಮಿಷ ಆಯಿತು, ಅದೂ ಏರು. ನಕ್ಷೆಯಲ್ಲಿ ಏರು ಕಾಣುವುದಿಲ್ಲ.

ಹನ್ನೊಂದಕ್ಕೆ ಆಸ್ಪತ್ರೆ. ಅಣ್ಣನ ಬಲಗೈ ದಿಂಬಿನ ಮೇಲಿಟ್ಟಿದ್ದರು. ಬೆರಳ ತುದಿ ಮಾತ್ರ ಹೊರಗೆ. ಬಣ್ಣ ನೋಡಿದೆ. ಸಿಸ್ಟರ್ ಬಂದು ಗಂಟೆಗೊಂದು ಸಲ ಆ ಬೆರಳನ್ನು ಒತ್ತಿ ಬಿಟ್ಟು ಏನೋ ಬರೆದುಕೊಳ್ಳುತ್ತಾರೆ. ಏನು ಅಂತ ಕೇಳಿದೆ. “ಒತ್ತಿದ ಜಾಗಕ್ಕೆ ವಾಪಸ್ ಕೆಂಪು ಬರಬೇಕಮ್ಮ,” ಅಂದರು. ಬಂತಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಅಲ್ಲಿ ನಿಂತಿರುವಾಗಲೇ ಫೋನು ನಡುಗಿತು.

“ಐದು ನಿಮಿಷ ಅಂದಿದ್ರಿ. ಅರ್ಧ ಗಂಟೆ ಆಯ್ತು. ನಮ್ಮ ಮನೆಯವರು ಚಪ್ಪಲಿ ಕೈಗೆ ತಗೊಂಡಿದಾರೆ, ಯಾವುದಕ್ಕೆ ಅಂತ ಕೇಳೋ ಧೈರ್ಯ ಇಲ್ಲ.”

ಕಮಾನಿನ ಎಡಕ್ಕೆ ತಿರುಗಿ, ಅಲ್ಲಿ ನೆರಳಿದೆ ಅಂತ ಬರೆದೆ. ಒಂದು ಕೈ ಅಣ್ಣನ ಮಂಚದ ಸರಳಿನ ಮೇಲಿತ್ತು, ಒಂದೇ ಕೈಯಲ್ಲಿ ಟೈಪ್ ಮಾಡಿದೆ.

ಮಧ್ಯಾಹ್ನ ಮೂರು, ನಾಲ್ಕು, ಐದನೇ ಜಾಗಗಳು. ಕಲ್ಲಿನ ಸೇತುವೆ, ಗಂಟೆಮನೆ, ನಾಣ್ಯದ ಮ್ಯೂಸಿಯಂ. ಮ್ಯೂಸಿಯಂ ಶನಿವಾರ ಮುಚ್ಚಿರುತ್ತದಂತೆ. ಬಾಗಿಲ ಮುಂದೆ ಗಂಡ ಹೆಂಡತಿ ಇಬ್ಬರು ಕಾಗದ ಹಿಡಿದುಕೊಂಡು ಜಗಳವಾಡುತ್ತಿದ್ದರು. ಆಕೆ, “ಯಾರೋ ಹುಚ್ಚಿ ಬರೆದಿದ್ದು ಅಂತ ಹೆಸರಲ್ಲೇ ಇದೆಯಲ್ರೀ, ಆದ್ರೂ ಕರ್ಕೊಂಡು ಬಂದ್ರಿ,” ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ದಾಟಿ ಹೋದೆ.

ಸಂಜೆ ಐದಕ್ಕೆ ಮತ್ತೆ ಆಸ್ಪತ್ರೆ. ಬಣ್ಣ ಬೆಳಗ್ಗಿನದೇ. ಅಥವಾ ಒಂಚೂರು ಕಪ್ಪು. ಟ್ಯೂಬ್‌ಲೈಟ್ ಬೆಳಕಿಗೆ ಹಾಗೆ ಕಂಡಿರಬಹುದು.

ಮಾರ್ಚ್ 15, ಭಾನುವಾರ

ಅಣ್ಣನಿಗೆ ಜ್ವರ.

ಬೆಳಗ್ಗೆ ಆಸ್ಪತ್ರೆಯ ಹೊರಗೆ ಮೇಸ್ತ್ರಿ ಕಾಯುತ್ತಿದ್ದರು. ಅಣ್ಣನ ತಂಡಕ್ಕೆಲ್ಲ ಅವರೇ ಹಿರಿಯರು. ಅರವತ್ತರ ಆಸುಪಾಸು, ಹುಬ್ಬಿನ ಕೂದಲಲ್ಲೂ ಕಲ್ಲಿನ ಪುಡಿ. ಗುರುವಾರದಿಂದ ದಿನಾ ಬಂದು ಗೇಟಿನ ಹತ್ತಿರ ನಿಂತು ಹೋಗುತ್ತಾರಂತೆ, ಒಳಗೆ ಬಂದಿಲ್ಲ.

“ನೀನೇನಾ ತಂಗಿ? ಕೋಟೆ ಹುಚ್ಚಿ?”

ಹೌದು ಅಂದೆ.

“ಬಾ ತಾಯಿ. ಅವನ ಕೆಲಸ ತೋರಿಸ್ತೀನಿ. ಸುಮ್ನೆ ಕೂತು ಏನ್ ಮಾಡ್ತೀಯ.”

ಪಡುವಣ ಬಾಗಿಲಿಗೆ ಕರೆದುಕೊಂಡು ಹೋದರು. ನನ್ನ ಪಟ್ಟಿಯ ಒಂಬತ್ತನೇ ಜಾಗ. ಗುಂಪಿನಲ್ಲಿ ನಾನು ಅತಿ ಹೆಚ್ಚು ಜಗಳವಾಡಿದ್ದು ಇದರ ಬಗ್ಗೆಯೇ. ಬಾಗಿಲಿನ ಎರಡೂ ಕಂಬಕ್ಕೆ ಕಲ್ಲಿನ ಬಳ್ಳಿ ಹಬ್ಬಿದೆ. ಎಡಗಂಬದಲ್ಲಿ, ಎದೆಯ ಎತ್ತರಕ್ಕೆ ಒಂದು ಎಲೆ, ಅಂಚು ಒಳಕ್ಕೆ ಸುರುಳಿ ಸುತ್ತಿಕೊಂಡಿದೆ, ನಡುವೆ ಹುಳ ತಿಂದ ತೂತು. ‘ನಾನೂರು ವರ್ಷದ ಹಿಂದೆ ಯಾವನೋ ಒಬ್ಬ ಶಿಲ್ಪಿ ಹುಳ ತಿಂದ ತೂತನ್ನೂ ಬಿಡದೆ ಕೆತ್ತಿದ್ದಾನೆ, ಇಂಥ ಕೈ ಈಗ ಎಲ್ಲಿದೆ ತೋರಿಸಿ’ ಅಂತ ಬರೆದು ಇನ್ನೂರು ಜನರ ಬಾಯಿ ಮುಚ್ಚಿಸಿದ್ದೆ.

“ಇದು ಅಣ್ಣ ಮಾಡಿದ್ದಾ?” ಅಂದೆ. ಅವರು ಇನ್ನೂ ಏನೂ ಹೇಳಿರಲಿಲ್ಲ. ಅವರು ಆ ಎಲೆಯ ಮುಂದೆ ನಿಂತ ರೀತಿ ಹಾಗಿತ್ತು.

“ಮೊನ್ನೆ ಮಳೆಗಾಲದಲ್ಲಿ. ಹಳೇ ಎಲೆ ಉದುರಿ ಮಣ್ಣಾಗಿತ್ತು. ಕೆಳಗಡೆ ಬೆರಳು ಹಾಕಿ ನೋಡು.”

ಸುರುಳಿಯ ಅಡಿಗೆ ಬೆರಳು ತೂರಿಸಿದೆ. ಸಣ್ಣ ಮೂರು ಗುಳಿ ಸಿಕ್ಕವು.

“ನಾವು ಹೊಸ ಕಲ್ಲು ಕೂರಿಸಿದ ಕಡೆಯೆಲ್ಲ ಮೂರು ಚುಕ್ಕಿ ಹಾಕ್ತೀವಿ. ಕಣ್ಣಿಗೆ ಬೀಳಬಾರದು, ಹುಡುಕಿದವನಿಗೆ ಸಿಗಬೇಕು. ಹಳೇದು ಅಂತ ಯಾರಿಗೂ ಟೋಪಿ ಹಾಕಿದ ಹಾಗಾಗಬಾರದಲ್ಲ.” ನಕ್ಕರು. “ನೀನು ಬರೆದದ್ದನ್ನ ಊಟದ ಹೊತ್ತಲ್ಲಿ ನಮಗೆಲ್ಲ ಓದಿ ಹೇಳ್ತಿದ್ದ. ‘ನೋಡ್ರಪ್ಪ, ನನ್ನ ತಂಗಿ ನನ್ನನ್ನ ನಾನೂರು ವರ್ಷ ಹಿಂದಕ್ಕೆ ಸಾಗಹಾಕಿದಾಳೆ’ ಅಂತ. ಹೇಳೋ ಅವಳಿಗೆ ಅಂದ್ರೆ, ‘ಬಂದಾಗ ಬೆರಳು ಹಾಕಿಸ್ತೀನಿ, ಆಗ ಮುಖ ನೋಡಬೇಕು’ ಅಂತಿದ್ದ.”

ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ. ಒಳಗೆ ಏನೂ ಆಗಲಿಲ್ಲ. ಕಲ್ಲು ತಣ್ಣಗಿತ್ತು.

ಕೈ ತೆಗೆಯಬೇಕಾಗಬಹುದು ಅಂತ ಅವರಿಗೆ ಹೇಳಿದೆ. ಮೇಸ್ತ್ರಿ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ.

“ಕಲ್ಲಾಗಿದ್ರೆ ಹೇಳ್ತಿದ್ದೆ. ಇದು ನಂಗೊತ್ತಿಲ್ಲ ತಾಯಿ,” ಅಂದರು.

ನಾಲ್ಕು ಗಂಟೆಗೆ ಬಾವಿಕಪ್ಪೆಯವರು ಅದೇ ಎಲೆಯ ಫೋಟೋ ಗುಂಪಿಗೆ ಹಾಕಿದರು. ‘ನಾನೂರು ವರ್ಷದ ಕೈಚಳಕ, ಕೋಟೆಹುಚ್ಚಿಯವರಿಗೆ ನಮೋ ನಮಃ’. ಅದು ಹೊಸ ಕಲ್ಲು, ಹೋದ ವರ್ಷದ್ದು, ನಾನು ತಪ್ಪು ಬರೆದಿದ್ದೆ ಅಂತ ಉತ್ತರಿಸಿದೆ.

“ಅಯ್ಯೋ, ಹೊಸದಾ. ಹಂಗಿದ್ರೆ ಅದರಲ್ಲಿ ನೋಡೋದೇನಿದೆ ಬಿಡಿ,” ಅಂತ ಬರೆದರು.

ಅದಕ್ಕೆ ಉತ್ತರ ಬರೆಯಲು ಹೋಗಿ ಬಸ್‌ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟೆ. ಬರೆದೆ, ಅಳಿಸಿದೆ. ಬರೆದೆ, ಅಳಿಸಿದೆ. ಏನೂ ಕಳಿಸಲಿಲ್ಲ. ಐದು ದಾಟಿ ಹತ್ತು ನಿಮಿಷಕ್ಕೆ ಆಸ್ಪತ್ರೆ ತಲುಪಿದೆ. ಆರರಿಂದ ಎಂಟು, ಹತ್ತರಿಂದ ಹನ್ನೆರಡರವರೆಗಿನ ಜಾಗಗಳು ಉಳಿದವು.

ಡಾಕ್ಟರಮ್ಮ ನಿಂತೇ ಮಾತಾಡಿದರು. ನಂಜು ಏರುತ್ತಿದೆಯಂತೆ. ಬೆಳಗ್ಗೆ ಏಳರೊಳಗೆ ಮನೆಯವರ ಸಹಿ ಬೇಕಂತೆ, ಮಣಿಕಟ್ಟಿನ ಮೇಲಕ್ಕೆ ತೆಗೆಯುತ್ತಾರಂತೆ. “ಇನ್ನೊಂದು ದಿನ ಕಾಯಬಾರದಾ?” ಅಂದೆ. “ಕಾಯಬಹುದು. ನಂಜು ರಕ್ತಕ್ಕೆ ಹೋದ್ರೆ ಆಮೇಲೆ ನಾವು ಕೈ ಬಗ್ಗೆ ಮಾತಾಡಲ್ಲ,” ಅಂದರು.

ಅಮ್ಮನಿಗೆ ಹೇಳಿದೆ.

“ಬೇಡ. ಸಹಿ ಹಾಕ್ಬೇಡ. ಅವನಿಗೆ ಎಚ್ಚರ ಆಗ್ಲಿ, ಅವನನ್ನೇ ಕೇಳೋಣ. ಆ ಕೈನಲ್ಲೇ ಅವನ ಬದುಕಿರೋದು. ಎದ್ದು ನೋಡ್ಕೊಂಡು ನನ್ ಕೈ ಎಲ್ಲಿ ಅಂತ ಕೇಳಿದ್ರೆ ಏನ್ ಹೇಳ್ತೀಯೇ?”

“ಕೇಳೋಕೆ ಅವನು ಇರಬೇಕಲ್ಲಮ್ಮ.”

“ನಿಂಗೆ ಹೇಗೇ ಬಾಯಿ ಬರುತ್ತೆ ಅಂಥ ಮಾತಾಡೋಕೆ?”

ಗೊತ್ತಿಲ್ಲ ಅಂದೆ. ಫೋನ್ ಇಟ್ಟಳು.

ಮಾರ್ಚ್ 16, ಸೋಮವಾರ

ಆರೂವರೆಗೆ ಸಹಿ ಹಾಕಿದೆ. ಮೂರು ಕಡೆ. ಮೂರನೆಯದು ಕಾಗದದ ಹಿಂದುಗಡೆ ಇತ್ತು, ಸಿಸ್ಟರ್ ತಿರುಗಿಸಿ ತೋರಿಸಿದರು. ‘ರೋಗಿಗೆ ಏನಾಗಬೇಕು’ ಅಂತ ಇದ್ದಲ್ಲಿ ತಂಗಿ ಅಂತ ಬರೆದೆ.

ಹತ್ತಕ್ಕೆ ಅಣ್ಣನನ್ನು ಆಪರೇಷನ್ ಥಿಯೇಟರಿನಿಂದ ಹೊರಗೆ ತಂದರು.

ಅಮ್ಮನಿಗೆ ಫೋನ್ ಮಾಡಿ ಸಹಿ ಹಾಕಿದೆ ಅಂದೆ. ಆ ಕಡೆಯಿಂದ ಫ್ಯಾನಿನ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ.

ಮಾರ್ಚ್ 17, ಮಂಗಳವಾರ

ಜ್ವರ ಇಳಿದಿದೆ.

ಮಾರ್ಚ್ 19, ಗುರುವಾರ

ಅಮ್ಮ ನನ್ನ ಜೊತೆ ಮಾತಾಡುತ್ತಿಲ್ಲ. ಫೋನು ಚಿಕ್ಕಮ್ಮ ತೆಗೆಯುತ್ತಾಳೆ. “ಮಲಗಿದಾಳೆ ಕಣೆ,” ಅನ್ನುತ್ತಾಳೆ. ಅವಳು ಹಾಗನ್ನುವಾಗ ಹಿಂದಿನಿಂದ ಅಮ್ಮ, “ಜ್ವರ ಎಷ್ಟಿದೆ ಕೇಳು,” ಅನ್ನುವುದು ಕೇಳಿಸುತ್ತದೆ. ನಾನು ಚಿಕ್ಕಮ್ಮನಿಗೆ ಹೇಳುತ್ತೇನೆ, ಚಿಕ್ಕಮ್ಮ ಅಮ್ಮನಿಗೆ ಹೇಳುತ್ತಾಳೆ. ಒಂದೇ ಕೋಣೆಯಲ್ಲಿ ಟಪಾಲು.

ಹನ್ನೆರಡರಿಂದ ಐದರವರೆಗೆ ಈಗ ಊರು ಸುತ್ತುವುದಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಕೂರುತ್ತೇನೆ. ಅಲ್ಲಿಂದ ಕಾಣುವುದು ಲಿಫ್ಟಿನ ಬಾಗಿಲು ಮತ್ತು ಕೈ ತೊಳೆಯುವ ಬೇಸಿನ್ನು. ಇವತ್ತು ಬೇಸಿನ್ನಿನ ಮುಂದೆ ಬಂದವರನ್ನೆಲ್ಲ ನೋಡಿದೆ. ಎಲ್ಲರೂ ಎರಡು ಕೈ ಉಜ್ಜುತ್ತಾರೆ. ಒಂದು ಕೈಯನ್ನು ಇನ್ನೊಂದು ತೊಳೆಯುತ್ತದೆ. ಮೊದಲು ಯಾವತ್ತೂ ಗಮನಿಸಿರಲಿಲ್ಲ.

ಗುಂಪಿನ ತಲೆಯಿಂದ ಪಟ್ಟಿ ತೆಗೆದುಹಾಕಿದೆ. ಯಾಕೆ ಅಂತ ಹದಿನೇಳು ಜನ ಕೇಳಿದರು. ‘ನಾನು ಈ ಊರಿಗೆ ಮೊದಲ ಸಲ ಬಂದಿದ್ದು ಹೋದ ಶುಕ್ರವಾರ. ಅದಕ್ಕೆ ಮೊದಲು ಬರೆದದ್ದೆಲ್ಲ ಕೇಳಿದ ಮಾತು’ ಅಂತ ಬರೆದೆ. ಬಾವಿಕಪ್ಪೆಯವರು, “ನಮ್ಮ ಮನೆಯವರಿಗೆ ಇದನ್ನ ಮಾತ್ರ ತೋರಿಸಲ್ಲ,” ಅಂತ ಬರೆದರು. ಇನ್ನಿಬ್ಬರು ಬೈದರು. ಒಬ್ಬರು, ಹಾಗಾದರೆ ಈಗ ನಿಜವಾದ ಪಟ್ಟಿ ಬರೆಯಿರಿ ಅಂದರು.

ಲಿಫ್ಟಿನ ಬಾಗಿಲು ಎರಡನೇ ಸಲಕ್ಕೆ ಸರಿಯಾಗಿ ಮುಚ್ಚುತ್ತದೆ ಅಂತ ಬರೆಯೋಣ ಅನಿಸಿತು.

ಮಾರ್ಚ್ 21, ಶನಿವಾರ

ಬೆಳಗ್ಗೆ ನಳಿಕೆ ತೆಗೆದಿದ್ದಾರೆ. ನಾನು ಹೋದಾಗ ಅಣ್ಣ ಕಣ್ಣು ಬಿಟ್ಟಿದ್ದ. ಧ್ವನಿ ಮರಳು ಕಾಗದ ಉಜ್ಜಿದ ಹಾಗೆ.

“ನೀನ್ಯಾಕೆ ಬಂದೆ? ಸಾರವೆ ಬಿಚ್ಚಿದ್ರಾ?”

ಇಲ್ಲ ಅಂದೆ.

“ಮತ್ತೆ?” ಅಂದು ಮತ್ತೆ ನಿದ್ದೆ ಹೋದ.

ಬಲಗಡೆ ಹೊದಿಕೆ ಹೊದಿಸಿದ್ದರು. ಡಾಕ್ಟರಮ್ಮ ಹೊರಗೆ ಕರೆದು, “ಇನ್ನೂ ಗೊತ್ತಾಗಿಲ್ಲ ಅವರಿಗೆ. ಬೆರಳು ನೋಯ್ತಿದೆ ಅಂತಿದಾರೆ, ಹಾಗೆ ಅನಿಸುತ್ತೆ. ನಾವು ಹೇಳಬೇಕಾ, ನೀವು ಹೇಳ್ತೀರಾ?” ಅಂದರು.

ನಾನೇ ಅಂದೆ.

ಸಂಜೆಯವರೆಗೆ ಹೇಗೆ ಹೇಳುವುದು ಅಂತ ಯೋಚಿಸಬೇಕಿತ್ತು, ಯೋಚನೆ ಬರಲಿಲ್ಲ. ಐದಕ್ಕೆ ಒಳಗೆ ಹೋದೆ. ಅಣ್ಣ ಸರಿಯಾಗಿ ಎಚ್ಚರವಾಗಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ.

“ಕೈ ಹೇಗಿದ್ಯೇ?”

“ತೆಗೆದರು.”

ಅವನು ಹೊದಿಕೆಯ ಕಡೆ ನೋಡಲಿಲ್ಲ.

“ಎಲ್ಲಿವರೆಗೆ?”

ನನ್ನ ಕೈ ಮೇಲೆ ತೋರಿಸಿದೆ. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ.

“ಯಾರು ಸಹಿ ಹಾಕಿದ್ದು?”

“ನಾನು. ಅಮ್ಮ ಬೇಡ ಅಂದ್ಲು. ನೀನು ಏಳೋವರೆಗೂ ಕಾಯೋಣ ಅಂದ್ಲು. ನಾನು ಕಾಯಲಿಲ್ಲ.”

ಅಣ್ಣ ಮುಖ ಗೋಡೆ ಕಡೆಗೆ ತಿರುಗಿಸಿದ. ಮುಕ್ಕಾಲು ಗಂಟೆ ಹಾಗೇ ಇದ್ದ. ನಾನು ನಿಂತೇ ಇದ್ದೆ. ಆರಕ್ಕೆ ಸಿಸ್ಟರ್ ಬಂದು ಹೊರಡಿ ಅಂದರು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದೆ, ಅವನು ಮಲಗಿದ ರೀತಿ ಬದಲಾಗಿರಲಿಲ್ಲ.

ಇವತ್ತು ರೂಮಿನ ಮೂರು ಮಹಡಿ ಹತ್ತುವಾಗ ಎರಡು ಸಲ ಕೂತೆ.

ಮಾರ್ಚ್ 22, ಭಾನುವಾರ

ಹನ್ನೊಂದಕ್ಕೆ ಸರಿಯಾಗಿ ಹೋದೆ. ಸಿಸ್ಟರ್ ಅವನನ್ನು ಅರ್ಧ ಎಬ್ಬಿಸಿ ಕೂರಿಸಿದ್ದರು. ಕೈ ಹೊದಿಕೆಯ ಹೊರಗಿತ್ತು, ಬಿಳಿ ಬ್ಯಾಂಡೇಜು. ಅವನೇ ಹೊರಗೆ ತೆಗೆದುಕೊಂಡಿರಬೇಕು.

“ಅಮ್ಮ ಏನಂದ್ಲು?” ಅಂದ.

“ಸೋಮವಾರದಿಂದ ನನ್ನ ಜೊತೆ ಮಾತಾಡ್ತಿಲ್ಲ.”

“ಫೋನ್ ಹಚ್ಚು.”

ಚಿಕ್ಕಮ್ಮ ತೆಗೆದಳು. ಅಣ್ಣನ ಧ್ವನಿ ಕೇಳಿ ಅವಳ ಕೈಯಿಂದ ಫೋನು ಬಿದ್ದ ಸದ್ದಾಯಿತು. ಆಮೇಲೆ ಅಮ್ಮ ಬಂದಳು. ಅವಳ ಅಳು ನನಗೂ ಕೇಳಿಸುವಷ್ಟಿತ್ತು. ಅಣ್ಣ ಎಡಗೈಯಲ್ಲಿ ಫೋನು ಹಿಡಿದು ಕಣ್ಣು ಮುಚ್ಚಿಕೊಂಡು ಕೇಳಿದ. ಅವಳು ನಿಲ್ಲಿಸಿದ ಮೇಲೆ ನಿಧಾನವಾಗಿ ಹೇಳಿದ.

“ಅಮ್ಮ, ಇವಳ ಮೇಲೆ ಯಾಕೆ ಕೋಪ ಮಾಡ್ಕೊಂಡಿದೀಯ? ಸಹಿ ಹಾಕು ಅಂತ ನಾನೇ ಅಂದಿದ್ದು. ಸೋಮವಾರ ಬೆಳಗ್ಗೆ ಸ್ವಲ್ಪ ಎಚ್ಚರ ಆಗಿತ್ತು ನಂಗೆ. ಇವಳು ಕೇಳಿದ್ಲು. ತೆಗೆಸಿಬಿಡು ಅಂದೆ. ಹುಂ. ಹೌದಮ್ಮ. ಬಾಯಲ್ಲೇ ಹೇಳಿದೆ.”

ಸೋಮವಾರ ಬೆಳಗ್ಗೆ ಅವನ ಬಾಯಲ್ಲಿ ನಳಿಕೆಯಿತ್ತು. ಒಂದು ಕ್ಷಣವೂ ಎಚ್ಚರವಿರಲಿಲ್ಲ. ಅವನು ಅದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ, ಬ್ಯಾಂಡೇಜಿನ ಕಡೆ ನೋಡುತ್ತಿದ್ದ.

“ನಿಂಗೆ ಕೊಡ್ಬೇಕಂತೆ,” ಅಂತ ಫೋನು ಚಾಚಿದ.

ಕಾರಿಡಾರಿಗೆ ಬಂದು ಕಿವಿಗಿಟ್ಟುಕೊಂಡೆ. ಅಮ್ಮ ಮೂಗು ಒರೆಸಿಕೊಂಡಳು.

“ಎಚ್ಚರ ಇತ್ತಾ ಅವನಿಗೆ?”

ನಾನು ಬೇಸಿನ್ನಿನ ಕಡೆ ನೋಡಿದೆ.

“ಇರಲಿಲ್ಲ ಅಲ್ವಾ. ನಂಗೊತ್ತು. ನಳಿಕೆ ಇದೆ ಅಂತ ನೀನೇ ಹೇಳಿದ್ಯಲ್ಲೇ, ಮರೆತುಬಿಟ್ಟಿದಾನೆ ಪೆದ್ದ.” ಉಸಿರು ಎಳೆದುಕೊಂಡಳು. “ಅಮ್ಮ ನಂಬಿದ್ಲು ಅಂತ ಹೇಳು ಅವನಿಗೆ. ಗೊತ್ತಾಯ್ತಾ? ಚೆನ್ನಾಗಿ ನಂಬಿದ್ಲು ಅಂತ ಹೇಳು.”

“ಹುಂ.”

“ನೀನು ಅಲ್ಲಿ ಎಲ್ಲಿ ಮಲಗ್ತೀಯೇ? ಬಾಗಿಲಿಗೆ ಚಿಲಕ ಇದ್ಯಾ?”

ಇದೆ ಅಂದೆ. ಎರಡಿವೆ, ಮೇಲೊಂದು ಕೆಳಗೊಂದು ಅಂದೆ. ಎರಡೂ ಹಾಕ್ಕೋ ಅಂದಳು.

ಒಳಗೆ ಹೋಗಿ, “ಅಮ್ಮ ನಂಬಿದ್ಲು,” ಅಂದೆ.

“ಪಾಪ,” ಅಂದ ಅಣ್ಣ. ನಗಲು ಹೋಗಿ ತಲೆ ನೋವಾಗಿ ಮುಖ ಹಿಂಡಿದ.

ಸಂಜೆ ಅವನಿಗೆ ಗಂಜಿ ಕುಡಿಸಿದೆ. ಚಮಚ ಕೊಡು ನಾನೇ ಕುಡಿತೀನಿ ಅಂತ ಕಿತ್ತುಕೊಂಡ, ಎಡಗೈಯಲ್ಲಿ ಅರ್ಧ ಎದೆಯ ಮೇಲೆ ಚೆಲ್ಲಿಕೊಂಡ, ಒರೆಸಿದೆ. ಬಯ್ದ. ನಾನೂ ಬಯ್ದೆ.

ನಾಳೆ ಹನ್ನೊಂದಕ್ಕೆ ಹೋಗುವಾಗ ಉಗುರು ಕತ್ತರಿ ತೆಗೆದುಕೊಂಡು ಹೋಗಬೇಕು. ಎಡಗೈ ಉಗುರು ಉದ್ದ ಬೆಳೆದಿವೆ, ಸಂದಿನಲ್ಲಿ ಇನ್ನೂ ಕಲ್ಲಿನ ಪುಡಿಯಿದೆ. ಆ ಕೈಯ ಉಗುರನ್ನು ಇನ್ನು ಮೇಲೆ ಅವನೇ ಕತ್ತರಿಸಿಕೊಳ್ಳಲು ಆಗುವುದಿಲ್ಲ.